ಕೆರೊಲಿನಾದ ಉದ್ಭವಲಿಂಗ

ಹಾಳುಬಿದ್ದ ಗುಡಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಕೆರೊಲಿನಾದ ನಮ್ಮ ಊರು ಏಪೆಕ್ಸ್‌ನಲ್ಲೆಲ್ಲ ಯಾರೂ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಏಪೆಕ್ಸ್‌ನಲ್ಲಿ ಹಾಳುಬಿದ್ದ ಗುಡಿಯೇ ಇರಲಿಲ್ಲವಾದ್ದರಿಂದ ಈ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ. ಹಗಲೆಲ್ಲ ಒಂದು ಕಂಪನಿಯ ಡೇಟಾಬೇಸ್ ಕಾಯುವ ಕೆಲಸ. ಬಿಡುವಾದಾಗ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಮೇಲೆ ಲೇಖನ. ಆ ಲೇಖನಗಳನ್ನು ಪೂರ್ತಿ ಓದಿದವರು ಇಬ್ಬರೇ: ನಾನು ಮತ್ತು ಪ್ರೂಫ್ ನೋಡಿದ ನನ್ನ ಹೆಂಡತಿ ಸುಮಾ. ಅವಳೂ ನಡುನಡುವೆ ಪುಟ ಹಾರಿಸಿದ್ದಾಳೆ ಎಂಬ ಗುಮಾನಿ ನನಗಿದೆ.

ಇಂಥ ಪಂಡಿತನನ್ನು ಹುಡುಕಿಕೊಂಡು 2005ರ ಒಂದು ಶನಿವಾರ ಪಕ್ಕದ ಮನೆಯ ಸಿಂಗ್ ಅಂಕಲ್ ಬಂದರು. ಅಂಕಲ್ ಎಪ್ಪತ್ತು ದಾಟಿದವರು. ಒಂದು ಕಾಲಕ್ಕೆ ಶಾರ್ಲಟ್ ಹತ್ತಿರದ ಸಣ್ಣ ಊರೊಂದರ ಬಟ್ಟೆ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದರು. ಆಗ ಆ ಸುತ್ತಿನಲ್ಲಿ ನಮ್ಮ ದೇಶದವರು ಅಂತ ಇದ್ದದ್ದು ಬೆರಳೆಣಿಕೆಯ ಮನೆಗಳು, ಸಿಖ್ಖರು ಒಂದಷ್ಟು, ಹಿಂದೂಗಳು ಒಂದಷ್ಟು. ಬೇರೆ ಬೇರೆ ಗುಡಿ ಕಟ್ಟುವ ತಾಕತ್ತು ಯಾರಿಗೂ ಇಲ್ಲ. ಎಲ್ಲರೂ ಸೇರಿ ಒಂದು ಹಳೆಯ ಮನೆ ಹಿಡಿದರಂತೆ. ಮುಂದಿನ ರೂಮಿನಲ್ಲಿ ಗುರುದ್ವಾರ, ಹಿಂದಿನ ರೂಮಿನಲ್ಲಿ ನಮ್ಮ ದೇವರುಗಳು, ಎರಡಕ್ಕೂ ಸೇರಿ ಒಂದೇ ಅಡುಗೆಮನೆ. ಹದಿನಾಲ್ಕು ವರ್ಷ ಪ್ರತಿ ಭಾನುವಾರ ಅಲ್ಲಿ ಬಂದವರಿಗೆಲ್ಲ ಬಡಿಸುವ ಲಂಗರಿನ ಅಡುಗೆ ಮಾಡಿದವರು ಅಂಕಲ್ ಹೆಂಡತಿ ಗುರ್ಮೀತ್ ಆಂಟಿ. ಆಮೇಲೆ ಗಿರಣಿ ಮುಚ್ಚಿತು, ಶಾರ್ಲಟ್‌ನಲ್ಲಿ ದೊಡ್ಡ ದೇವಸ್ಥಾನ, ದೊಡ್ಡ ಗುರುದ್ವಾರ ಎರಡೂ ಬಂದವು, ಈ ಮನೆಗೆ ಬೀಗ ಬಿತ್ತು.

ಆಂಟಿ ಹೋಗಿ ಆಗಲೇ ಒಂದು ವರ್ಷವಾಗಿತ್ತು. ತಿಂಗಳ ಕೊನೆಗೆ ಅಂಕಲ್ ಕ್ಯಾಲಿಫೋರ್ನಿಯಾದ ಮಗನ ಮನೆಗೆ ಹೊರಟಿದ್ದರು. ರಸ್ತೆ ಅಗಲ ಮಾಡಲು ಆ ಹಳೆಯ ಮನೆಯನ್ನೂ ಕೆಡವುತ್ತಾರೆ ಅಂತ ಯಾರೋ ಹೇಳಿದ್ದರು. ಅಷ್ಟರೊಳಗೆ ಒಮ್ಮೆ ನೋಡಬೇಕು ಅಂದರು. ಅವರ ಹಿಂದಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವಳ ಒಡವೆ, ಬಟ್ಟೆ ಎಲ್ಲ ನನ್ನ ಹತ್ತಿರ ಇದೆ ಬೇಟಾ. ಆದರೆ ಅವೆಲ್ಲ ಕಪಾಟಿನಲ್ಲಿ ಸುಮ್ಮನೆ ಕೂತಿದ್ದವು. ಅವಳ ಕೈ ಆಡಿದ್ದು ಆ ಅಡುಗೆಮನೆಯಲ್ಲಿ. ಒಂದು ಸೌಟು ಸಿಕ್ಕರೂ ಸಾಕು, ತಗೊಂಡು ಹೋಗ್ತೀನಿ."

ನನಗೆ ಅಯ್ಯೋ ಅನ್ನಿಸಿತು. ಜೊತೆಗೆ, ಸುಳ್ಳೇಕೆ ಹೇಳಲಿ, ತಲೆಯೊಳಗೆ ಒಂದು ಲೇಖನದ ಶೀರ್ಷಿಕೆಯೂ ಮೂಡಿತು. ಅಂಕಲ್ ಕೈ ಹಿಡಿದು, ಆ ಮನೆ ಎಲ್ಲಿದ್ದರೂ ಹುಡುಕಿಕೊಡುವುದು ನನ್ನ ಹೊಣೆ, ತಾವು ನಿಶ್ಚಿಂತೆಯಿಂದಿರಬೇಕು ಎಂದು ಭರವಸೆ ಕೊಟ್ಟೆ. ಒಳಗಿನಿಂದ ಸುಮಾ ಕೆಮ್ಮಿದಳು.

ಮರುದಿನ ಬೆಳಗ್ಗೆ ಹೊರಟೆವು. ಫೋನು ದಾರಿ ಹೇಳುವ ಕಾಲ ಅದಲ್ಲ. ಪ್ರಿಂಟ್ ಮಾಡಿದ ಮ್ಯಾಪ್ ಹಿಡಿದು ಸುಮಾ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಗ್ಯಾಸ್ ಸ್ಟೇಷನ್ ಒಂದರಲ್ಲಿ ಕಾಫಿ ಕುಡಿದು, ಹಾಲಿನ ಬದಲು ಹಾಕಲು ಬಿಟ್ಟಿ ಸಿಕ್ಕುವ ಕ್ರೀಮರಿನ ಪುಟ್ಟ ಕಪ್ಪುಗಳನ್ನು ಒಂದು ಹಿಡಿ ಜೇಬಿಗೆ ಹಾಕಿಕೊಂಡೆ. ಅದು ನನ್ನ ಹಳೆಯ ಚಾಳಿ.

ಊರು ತಲುಪಿದಾಗ ಅಂಕಲ್‌ಗೆ ಗುರುತು ಹತ್ತಲಿಲ್ಲ. ಗಿರಣಿ ಇದ್ದ ಕಡೆ ಬಯಲು, ಅಂಗಡಿ ಇದ್ದ ಕಡೆ ಪಾರ್ಕಿಂಗ್. ಆಗ ನನ್ನ ಸಂಶೋಧಕ ಬುದ್ಧಿ ಜಾಗೃತವಾಯಿತು. ಒಂದು ಮನೆಯ ಜಗಲಿಯಲ್ಲಿ ಸಾಲಾಗಿ ಚಪ್ಪಲಿ, ಬಾಗಿಲ ಪಕ್ಕ ಕುಂಡದಲ್ಲಿ ತುಳಸಿ! ಅಮೆರಿಕದಲ್ಲಿ ಬಾಗಿಲಾಚೆ ಚಪ್ಪಲಿ ಬಿಡುವವರು ನಮ್ಮವರಲ್ಲದೆ ಇನ್ನಾರು? ಶೂ ಕಳಚಿ, ಕೈಮುಗಿದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆ ಎತ್ತಿದರೆ ಎದುರಿಗೆ ಮೀನಿನ ಗಾಳ ಹಿಡಿದ ಆರಡಿ ಮನುಷ್ಯ. ಅದು ಅವನ ಮನೆ, ಅವನ ಮಕ್ಕಳ ಕೆಸರು ಚಪ್ಪಲಿ, ಪಾಸ್ತಾಗೆ ಹಾಕುವ ಬೇಸಿಲ್ ಗಿಡ. ಒಳ್ಳೆಯವನು, ಏನೂ ಅನ್ನಲಿಲ್ಲ. ಮೂರು ಬೀದಿ ಆಚೆಗಿರುವ ಖಾಲಿ ಮನೆಯ ಕಡೆ ಗಾಳ ತೋರಿಸಿದ.

ಅದೇ ಮನೆ. ಬಣ್ಣ ಕಿತ್ತುಹೋಗಿತ್ತು, ಕಿಟಕಿಗೆ ಹಲಗೆ ಹೊಡೆದಿದ್ದರು. ಅಂಕಲ್ ಕಾರಿನಿಂದ ಇಳಿದು ಪಗಡಿ ಸರಿಮಾಡಿಕೊಂಡು ನಿಂತೇ ಇದ್ದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಬೆಳ್ಳಿಕೂದಲಿನ ಅಜ್ಜಿಯೊಬ್ಬರು, ಡೋರತಿ ಅಂತ, ಕೋಲೂರಿಕೊಂಡು ಬಂದರು. ಅಂಕಲ್ ಮುಖ ದಿಟ್ಟಿಸಿ, "ನಿನ್ನ ಹೆಂಡತಿ ಎಲ್ಲಿ?" ಅಂತ ಕೇಳಿದರು. ಅಂಕಲ್ ಆಕಾಶ ತೋರಿಸಿದರು. ಡೋರತಿ ಅವರ ಕೈ ಹಿಡಿದುಕೊಂಡರು. ಬೀಗದ ಕೈ ಅವರ ಹತ್ತಿರವೇ ಇತ್ತು, ಬಾಗಿಲು ತೆಗೆದು ಅಂಕಲ್‌ರನ್ನೂ ಸುಮಾಳನ್ನೂ ಒಳಗೆ ಕರೆದೊಯ್ದರು.

ನಾನು ಒಳಗೆ ಹೋಗಲಿಲ್ಲ. ಸ್ಥಳದ ಹೊರ ಆವರಣವನ್ನು ಮೊದಲು ಪರಿಶೀಲಿಸುವುದು ಶಾಸ್ತ್ರೀಯ ಕ್ರಮ. ಹಿತ್ತಲಿಗೆ ಬಂದೆ. ಹೂವಿನ ಮರವೊಂದರ ಬುಡದಲ್ಲಿ ಕಂಡಿತು ನೋಡಿ! ಗೇಣೆತ್ತರದ ಕಪ್ಪು ಕಲ್ಲು. ನುಣ್ಣಗೆ, ಗುಂಡಗೆ, ನೆಟ್ಟಗೆ ನೆಲದಿಂದ ಎದ್ದು ನಿಂತಿದೆ. ಮೈಮೇಲೆ ಸ್ಪಷ್ಟವಾಗಿ ಮೂರು ಅಡ್ಡಗೆರೆ. ವಿಭೂತಿಪಟ್ಟೆ! ಹಿಂದಿನವರು ಪೂಜಿಸಿ, ಊರು ಬಿಡುವಾಗ ಮರೆತುಹೋದ ಶಿವಲಿಂಗ ಪೂಜೆಯಿಲ್ಲದೆ ಇಷ್ಟು ವರ್ಷದಿಂದ ನನಗಾಗಿ ಕಾಯುತ್ತಿದೆ!

ಮುಂದಿನ ಹತ್ತು ನಿಮಿಷ ನಾನು ಮಾಡಿದ್ದನ್ನು ಕ್ರಮವಾಗಿ ಹೇಳಿಬಿಡುತ್ತೇನೆ. ಮೊದಲು ಶಾರ್ಲಟ್‌ನ ಕನ್ನಡ ಸಂಘದ ಅಧ್ಯಕ್ಷ ರಾಜಣ್ಣನಿಗೆ ಫೋನ್ ಮಾಡಿದೆ. ರಾಜಣ್ಣ ಯಾವುದನ್ನೂ ಸಾವಧಾನವಾಗಿ ಕೇಳುವ ಮನುಷ್ಯನಲ್ಲ. 'ಲಿಂಗ' ಅಂದ ಕೂಡಲೇ, ಭಟ್ಟರನ್ನು ಕರೆದುಕೊಂಡು ಈಗಲೇ ಹೊರಟೆ, ನಲವತ್ತು ನಿಮಿಷ ಅಂದು ಫೋನ್ ಇಟ್ಟ. ಆಮೇಲೆ ಕಾರಿನ ಗಣಪತಿ ಮುಂದಿದ್ದ ಕುಂಕುಮ ತಂದು ಹಚ್ಚಿದೆ. ಅಭಿಷೇಕಕ್ಕೆ ಹಾಲಿರಲಿಲ್ಲ, ಜೇಬಿನಲ್ಲಿದ್ದ ಕ್ರೀಮರ್ ಕಪ್ಪುಗಳನ್ನು ಒಂದೊಂದಾಗಿ ಒಡೆದು ಸುರಿದೆ. ಬರುವಷ್ಟು ರುದ್ರ ಹೇಳಿದೆ, ಅದು ಎರಡು ಸಾಲು. ಮೂರು ಪ್ರದಕ್ಷಿಣೆ ಹಾಕಿ ಹುಲ್ಲಿನ ಮೇಲೆ ಉದ್ದಕ್ಕೆ ಅಡ್ಡಬಿದ್ದೆ.

ಕೆರೊಲಿನಾದ ಹುಲ್ಲಿನಲ್ಲಿ ಕೆಂಪಿರುವೆಗಳ ಸಂಸಾರವಿರುತ್ತದೆ. ಸಿಹಿ ಕ್ರೀಮರಿನ ವಾಸನೆಗೆ ಅವು ಬಂಧುಬಳಗ ಸಮೇತ ಹೊರಟಿದ್ದವು. ದಾರಿಯಲ್ಲಿ ನಾನು ಮಲಗಿದ್ದೆ.

ಒಳಗಿದ್ದವರು ಹೊರಗೆ ಬಂದಾಗ ನಾನು ಒಂದು ಕಾಲಿನ ಮೇಲೆ ಕುಣಿಯುತ್ತ ಅಂಗಿ ಕೊಡವುತ್ತಿದ್ದೆ. ಅಂಕಲ್ ಕೈ ಖಾಲಿ ಇತ್ತು. ಅಡುಗೆಮನೆಯಲ್ಲಿ ಗೋಡೆ ಬಿಟ್ಟು ಏನೂ ಉಳಿದಿಲ್ಲ, ಸಿಂಕನ್ನೂ ಕಿತ್ತುಕೊಂಡು ಹೋಗಿದ್ದಾರೆ ಅಂತ ಸುಮಾ ಮೆಲ್ಲಗೆ ಹೇಳಿದಳು. ಅಂಕಲ್, ಪರವಾಗಿಲ್ಲ, ನೋಡಿದ ಹಾಗಾಯಿತಲ್ಲ ಅಂದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಈ ದುಃಖಕ್ಕೆ ಮದ್ದು ನನ್ನ ಹತ್ತಿರವಿದೆ ಎಂಬ ಠೀವಿಯಿಂದ ನಾನು ಪಕ್ಕಕ್ಕೆ ಸರಿದು ಲಿಂಗವನ್ನು ತೋರಿಸಿದೆ.

ಸುಮಾ ಕಲ್ಲು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಲ್ಲು ನೋಡಿದಳು.

"ರೀ, ಇದು ರುಬ್ಬೋ ಗುಂಡು ಕಣ್ರೀ. ತಲೆಕೆಳಗಾಗಿ ನೆಟ್ಟಿದಾರೆ ಅಷ್ಟೇ. ಬುಡ ಅಗೆದು ನೋಡಿ, ಹಿಡಿ ಸಿಗಿಸೋ ತೂತು ಇರತ್ತೆ."

ಡೋರತಿ ಹೌದೆಂದರು. ಮನೆಗೆ ಬೀಗ ಬಿದ್ದ ಮೇಲೆ ಅದನ್ನು ಮರದ ಬುಡದ ಹೂವಿನ ಪಾತಿಗೆ ಗಡಿಯಾಗಿ ನೆಟ್ಟವರು ಅವರೇ. ಹುಲ್ಲು ಕತ್ತರಿಸುವವನು ಮೂರು ಸಲ ಮೆಷಿನ್ ತಾಗಿಸಿ ಗೀರು ಮಾಡಿದ್ದನಂತೆ. ವಿಭೂತಿಪಟ್ಟೆಯ ಕಥೆ ಅಲ್ಲಿಗೆ ಮುಗಿಯಿತು. ಕಲ್ಲಿನ ಇನ್ನರ್ಧ, ಒರಳು, ಅವರ ಹಿತ್ತಲಲ್ಲಿ ಹಕ್ಕಿಗಳಿಗೆ ನೀರಿಡುವ ಬಾನಿಯಾಗಿತ್ತು.

ಆದರೆ ಅಂಕಲ್ ಮಂಡಿನೋವು ಮರೆತು ನೆಲಕ್ಕೆ ಕೂತುಬಿಟ್ಟಿದ್ದರು. ಎರಡೂ ಕೈಯಲ್ಲಿ ಕಲ್ಲನ್ನು ಸವರುತ್ತಿದ್ದರು. ಮೈಸೂರಿನ ಡಾಕ್ಟರೊಬ್ಬರ ತಾಯಿ ಹಡಗಿನಲ್ಲಿ ತರಿಸಿದ ಕಲ್ಲಂತೆ ಅದು. ಆ ಅಜ್ಜಿಗೆ ಪಂಜಾಬಿ ಬಾರದು, ಆಂಟಿಗೆ ಕನ್ನಡ ಬಾರದು. ಇಬ್ಬರೂ ಎದುರುಬದುರು ಕೂತು ಉದ್ದು ರುಬ್ಬಿ ರುಬ್ಬಿ ಗೆಳತಿಯರಾದರು. ಅಜ್ಜಿ ಊರಿಗೆ ವಾಪಸಾಗುವಾಗ ಕಲ್ಲನ್ನು ಆಂಟಿಗೆ ಬಿಟ್ಟುಹೋದರು. ಆಮೇಲೆ ಪ್ರತಿ ಭಾನುವಾರ ಲಂಗರಿನಲ್ಲಿ ದಾಲ್ ರೋಟಿ ಜೊತೆ ವಡೆ. "ಅವಳ ಕೈ ಇದರ ಮೇಲೇ ಇರುತ್ತಿತ್ತು," ಅಂದರು ಅಂಕಲ್. ಅವರ ಗಡ್ಡ ಒದ್ದೆಯಾಗಿತ್ತು. ನಾನು ಇರುವೆ ಕಡಿತವನ್ನೂ ಮರೆತು ನಿಂತೆ.

ಆಗಲೇ ನೆನಪಾದದ್ದು, ರಾಜಣ್ಣ! ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಮಿನಿವ್ಯಾನ್ ಬಂದು ನಿಂತಿತು. ರೇಷ್ಮೆ ಪಂಚೆಯ ರಾಜಣ್ಣ, ಹಿಂದೆ ಕಲಶ ಹಿಡಿದ ಭಟ್ಟರು. ಹೊರಡುವ ಮುಂಚೆ ಸಂಘದವರಿಗೆಲ್ಲ ಇಮೇಲ್ ಕಳಿಸಿಯೂ ಆಗಿತ್ತು. ಸಬ್ಜೆಕ್ಟ್: ಕೆರೊಲಿನಾದಲ್ಲಿ ಉದ್ಭವಲಿಂಗ.

ನಾನು ತೊದಲುತ್ತ ವಿಷಯ ಹೇಳಿದೆ. ರಾಜಣ್ಣ ಜಗ್ಗಲಿಲ್ಲ. ರುಬ್ಬುವ ಗುಂಡೇ ಇರಲಿ, ಅಭಿಷೇಕ ಆಗಿದೆ, ಕುಂಕುಮ ಏರಿದೆ, ಇನ್ನು ಅದು ಕಲ್ಲಲ್ಲ, ದೇವಸ್ಥಾನಕ್ಕೆ ಬರಬೇಕು ಅಂದ. ಆ ಇಮೇಲನ್ನು ಹಿಂದಕ್ಕೆ ಪಡೆಯುವುದು ಅವನಿಗೆ ಸಾಧ್ಯವಿರಲಿಲ್ಲ, ಅಷ್ಟೇ ವಿಷಯ.

ಗಲಾಟೆ ಯಾಕೆ ಎಂದು ಕೇಳಿ ತಿಳಿದುಕೊಂಡ ಅಂಕಲ್ ಕಲ್ಲಿನ ಮೇಲಿಂದ ಕೈ ತೆಗೆದರು. "ನಿಮಗೆ ದೇವರಾಗಿದ್ದರೆ ತಗೊಂಡು ಹೋಗಿ ಬೇಟಾ. ದೇವರ ಹತ್ತಿರ ನನ್ನದು ಕೊಡು ಅಂತ ಹೇಗೆ ಕೇಳಲಿ?"

ಅಂಕಲ್ ಬಂದದ್ದು ಒಂದು ಸೌಟಿಗಾಗಿ. ಸಿಕ್ಕಿದ ಕಲ್ಲನ್ನೂ ನಾನು ದೇವರು ಮಾಡಿ ಅವರ ಕೈ ತಪ್ಪಿಸುತ್ತಿದ್ದೆ! ಅದನ್ನು ದೇವರ ಪದವಿಯಿಂದ ಇಳಿಸಬೇಕಾದರೆ ನನ್ನ ಮರ್ಯಾದೆ ಇಳಿಯಬೇಕು, ಬೇರೆ ದಾರಿಯಿರಲಿಲ್ಲ.

"ಭಟ್ಟರೇ, ನಾನು ಅಭಿಷೇಕ ಮಾಡಿದ್ದು ಹೇಜಲ್‌ನಟ್ ಕ್ರೀಮರಿನಲ್ಲಿ," ಎಂದೆ. "ಸ್ನಾನ ಮಾಡಿರಲಿಲ್ಲ. ಮಂತ್ರ ಎರಡೇ ಸಾಲು, ಅದೂ ತಪ್ಪು. ಪ್ರದಕ್ಷಿಣೆ ಅಪ್ರದಕ್ಷಿಣವಾಗಿ ಹಾಕಿದೆ. ನನಗೆ ವೀರಗಲ್ಲಿಗೂ ರುಬ್ಬೋ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ. ಬೇಕಾದ್ರೆ ಹಾಗಂತ ಇಮೇಲ್ ಹಾಕ್ತೀನಿ."

ಭಟ್ಟರು ಬಗ್ಗಿ ಕಲ್ಲನ್ನು ಮೂಸಿ ನೋಡಿದರು. ತುಟಿ ಬಿಗಿಹಿಡಿದಿದ್ದರೂ ಅವರ ಹೊಟ್ಟೆ ಕುಲುಕುತ್ತಿತ್ತು. ಇದು ಯಾವ ಆಗಮಕ್ಕೂ ಹೊಂದುವುದಿಲ್ಲ, ಕಲ್ಲು ಈ ಹಿರಿಯರಿಗೇ ಸೇರಿದ್ದು ಎಂದು ತೀರ್ಪು ಕೊಟ್ಟರು. ಬುಡ ಅಗೆಯಲು ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ರಾಜಣ್ಣನೇ ಕೈಹಾಕಿದ. ಒಳ್ಳೆಯವನೇ, ಅವಸರ ಒಂದಿಷ್ಟು ಜಾಸ್ತಿ.

ಒರಳನ್ನು ಹಕ್ಕಿಗಳಿಗೇ ಬಿಡಿ ಅಂದರು ಅಂಕಲ್. ಗುಂಡನ್ನು ಮಾತ್ರ ಕಾರಿನ ಟ್ರಂಕಿಗೆ ಹಾಕಲು ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಕೂರಿಸಿ ಸೀಟ್‌ಬೆಲ್ಟ್ ಹಾಕಿದರು. ಕುಂಕುಮ ಒರೆಸಿಕೊಡುತ್ತೇನೆ ಅಂತ ನಾನು ಟಿಶ್ಯೂ ಚಾಚಿದೆ. ಅವರು ನನ್ನ ಕೈ ತಡೆದರು.

"ಇರಲಿ. ಹದಿನಾಲ್ಕು ವರ್ಷ ಎಲ್ಲರೂ ಉಂಡು ದೇವರಿಗೆ ಕೈಮುಗಿದು ಹೋದರು. ನಾನೂ ಅಷ್ಟೇ. ಅವಳು ರುಬ್ಬಿದ ಕಲ್ಲಿಗೆ ಅಡ್ಡಬಿದ್ದವನು ನೀನೊಬ್ಬನೇ."

ನಾನು ಕಾರು ಹೊರಡಿಸಿದೆ. ನನ್ನ ಜೀವಮಾನದ ಮಹಾ ಪೆದ್ದುತನವನ್ನು ಈ ಮುದುಕರು ಪುಣ್ಯದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ನನಗೆ ಅಳು ಬಂತು, ಇರುವೆ ಕಚ್ಚಿದ್ದಕ್ಕೆ ಅಂತ ಸುಮಾಗೆ ಹೇಳಿದೆ. ತಿಂಗಳ ಕೊನೆಗೆ ಅಂಕಲ್ ಹೊರಟುಹೋದರು. ತಲುಪಿ ಫೋನ್ ಮಾಡಿದಾಗ, "'ಇದೇನು ಪಾಪಾಜಿ' ಅಂತ ಸೊಸೆ ಕಲ್ಲು ನೋಡಿ ಕೇಳಿದಳು, 'ನಿನ್ನ ಅತ್ತೆ' ಅಂದೆ," ಅಂತ ಹೇಳಿ ನಕ್ಕರು.

ಅವರ ಫೋನ್ ಬಂದ ಭಾನುವಾರ ನಾನು ಭಾವುಕನಾಗಿ ಸುಮಾ ಎದುರು ನಿಂತು, ಇಷ್ಟು ವರ್ಷ ನಿನ್ನ ಕೆಲಸ ನನ್ನ ಕಣ್ಣಿಗೇ ಬೀಳಲಿಲ್ಲ, ಇಂದಿನಿಂದ ಇಡ್ಲಿಗೆ ರುಬ್ಬುವವನು ನಾನೇ ಎಂದು ಘೋಷಿಸಿದೆ. ಅವಳು ಸಂತೋಷದಿಂದ ಸರಿದು ಜಾಗ ಬಿಟ್ಟಳು. ಅಡುಗೆಮನೆಗೆ ಹೋಗಿ ಎಲ್ಲ ಕಪಾಟುಗಳನ್ನೂ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಹಾಳುಬಿದ್ದ ಗುಡಿಗಳ ಸಂಶೋಧಕನಾದ ನಾನು ಕಾಲು ಗಂಟೆ ಹುಡುಕಿದ ಮೇಲೆ ಹೊರಗೆ ಬಂದು, ನಮ್ಮ ಮನೆಯಲ್ಲಿ ಗ್ರೈಂಡರ್ ಎಲ್ಲಿರುತ್ತದೆ ಅಂತ ಕೇಳಿದೆ.