ಹನ್ನೊಂದು ಜನ ನಾರಾಯಣಸ್ವಾಮಿಗಳು

ನಿವೃತ್ತನಾದ ಗಂಡಸಿಗೆ ಕೈ ಸುಮ್ಮನಿರುವುದಿಲ್ಲ. ಕೆಲವರು ಕುಂಡದಲ್ಲಿ ಗಿಡ ನೆಡುತ್ತಾರೆ, ಕೆಲವರು ಸೊಸೆಯ ಸಾರಿಗೆ ಉಪ್ಪು ಎಷ್ಟೆಂದು ಹೇಳಿಕೊಡುತ್ತಾರೆ. ನಾನು ವೆಬ್‌ಸೈಟ್ ಮಾಡಿದೆ. ನಮ್ಮ ಶ್ರೀನಿವಾಸಪುರದ ಸುತ್ತಿನ ಮಾವು ಬೆಳೆಗಾರರು ಹಣ್ಣನ್ನು ನೇರವಾಗಿ ಬೆಂಗಳೂರಿನ ಮನೆಗಳಿಗೆ ಕಳಿಸಲಿ ಎಂಬುದು ನನ್ನ ಘನ ಉದ್ದೇಶ. "ಗಿಡ ನೆಟ್ಟಿದ್ರೆ ಹೂವಾದ್ರೂ ಸಿಗ್ತಿತ್ತು" ಅಂದಳು ಹೆಂಡತಿ.

ಹಣ್ಣಿನ ಕಾಲ ಬರುತ್ತಿದ್ದಂತೆ ಸೈಟು ನಿಧಾನವಾಯಿತು. ಒಂದು ಬೆಳಿಗ್ಗೆ ನಾನೇ ಡೇಟಾಬೇಸಿನ ಒಳಹೊಕ್ಕು ನೋಡಿದರೆ, ಬೆಳೆಗಾರರ ಪಟ್ಟಿಯಲ್ಲಿ ನಾರಾಯಣಸ್ವಾಮಿ ಎಂಬ ಹೆಸರು ಹನ್ನೊಂದು ಸಲ! ಸರ್ಕಾರಿ ಕಚೇರಿಯಲ್ಲಿ ಇಡೀ ಆಯುಷ್ಯ ಪಟ್ಟಿಗಳಲ್ಲಿ ಎರಡೆರಡು ಸಲ ಬಂದ ಹೆಸರಿಗೆ ಗೀಟು ಹಾಕುತ್ತಾ ಕಳೆದವನು ನಾನು. ಯಾರೋ ಪುಣ್ಯಾತ್ಮ ಗುಂಡಿ ಒತ್ತಿದ್ದನ್ನೇ ಒತ್ತಿದ್ದಾನೆ ಎಂದುಕೊಂಡೆ. ಊರಿನ ಹೆಸರುಗಳು ಬೇರೆ ಪುಟದಲ್ಲಿದ್ದವು, ತೆರೆದು ನೋಡುವ ತಾಳ್ಮೆ ಯಾರಿಗಿದೆ? ಮೊದಲನೆಯವನನ್ನು ಉಳಿಸಿ ಹತ್ತು ಜನರನ್ನು ಅಳಿಸಿದೆ. ಆ ಹೆಮ್ಮೆಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಸೈಟೇ ಮಲಗಿತ್ತು.

ರಾಯಲ್ಪಾಡಿನ ಮುನಿರತ್ನಮ್ಮನ ಫೋನ್ ಬಂತು. "ಏಮ್ ಸಾ ಇದು, ರಸಪುರಿ ಮಾಗಿ ಕ್ರೇಟಿಗೆ ತುಂಬ್ಸಿದ್ದಾಯ್ತು, ಗಾಡಿ ಬಂದು ನಿಂತೈತೆ. ಯಾರ್ಯಾರ ಮನೆಗೆ ಕಳಿಸ್ಬೇಕಂತ ನೋಡಾನಂದ್ರೆ ನಿಮ್ ಸೈಟು ತೆಗೀತಾನೇ ಇಲ್ಲ!" ಪ್ರತಿ ವರ್ಷ ತೋಟವನ್ನು ಗುತ್ತಿಗೆ ಹಿಡಿಯುತ್ತಿದ್ದ ವ್ಯಾಪಾರಿಗೆ ಆಕೆ ಈ ಸಲ ಬೇಡ ಅಂದಿದ್ದಳು, ನನ್ನ ಮಾತು ನಂಬಿ. ಮಾಗಿದ ಹಣ್ಣು ಎರಡು ದಿನ ತಡೆಯುವುದಿಲ್ಲ. ಆದರೂ ಹಳೇ ಕಚೇರಿಯ ಬುದ್ಧಿ ಹೋಗುತ್ತದೆಯೇ? "ಸರ್ವರ್ ಬಿಜಿ ಇದೆಯಮ್ಮ, ಅರ್ಧ ಗಂಟೆ" ಎಂದುಬಿಟ್ಟೆ.

ಮೋಡೆಮ್ ಆರಿಸಿ ಹಚ್ಚಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಕಡೆಗೆ ಮರ್ಯಾದೆ ಬಿಟ್ಟು, ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಭಾಮೈದ ಮಂಜುನಾಥನಿಗೆ ಫೋನ್ ಮಾಡಿದೆ. ಅವನು ತನ್ನ ಕಡೆಯಿಂದ ಒಳಗೆಲ್ಲ ನೋಡಿ, "ಭಾವ, ಏನ್ ಮುಟ್ಟುದ್ರಿ?" ಅಂದ.

"ಏನೂ ಮುಟ್ಟಿಲ್ಲ ಕಣೋ."

"ಬೆಳಿಗ್ಗೆ ಹತ್ತು ಜನಾನ ಅಳ್ಸಿದೀರಲ್ಲಾ, ಇಲ್ಲಿ ಕಾಣ್ತೈತೆ."

"ಅದೆಲ್ಲಾ ಡೂಪ್ಲಿಕೇಟ್ ಕಣೋ!"

"ಅಯ್ಯೋ ಭಾವ, ಸೈಟು ಎದ್ದೇಳೋಕೆ ಮುಂಚೆ ಅದೇ ಪಟ್ಟೀಲಿ ಮಾಲೀಕರ ಖಾತೆ ಹುಡುಕ್ತೈತೆ. ಆ ಹತ್ತು ಜನದಾಗೆ ಒಬ್ರು ನೀವೇ!"

ಹೌದು, ನನ್ನ ಹೆಸರೂ ನಾರಾಯಣಸ್ವಾಮಿ. ನಮ್ಮ ಸೀಮೆಯಲ್ಲಿ ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೆ ಮೂರು ಮನೆಯಿಂದ "ಯಾರದು?" ಎಂಬ ಉತ್ತರ ಬರುತ್ತದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿ ಡೇಟಾಬೇಸ್ ಮುಂದೆ ಕೂತಾಗ ಮಾತ್ರ ಮರೆತುಹೋಗಿತ್ತು. ಮಂಜುನಾಥ ನಗುತ್ತಲೇ ಬ್ಯಾಕಪ್ಪಿನಿಂದ ಹತ್ತು ಜನರನ್ನೂ ವಾಪಸು ತಂದ. ನನ್ನ ಮೇಲೆ ನಂಬಿಕೆಯಿಲ್ಲದೆ ದಿನಾ ಒಂದು ನಕಲು ತೆಗೆದಿಡುತ್ತಿದ್ದನಂತೆ. ಇಂಥ ಅಪನಂಬಿಕೆಗೆ ನಾನು ಚಿರಋಣಿ.

ವಿಳಾಸಗಳು ಸಿಕ್ಕವು, ಗಾಡಿ ಹೊರಟಿತು. ಮುನಿರತ್ನಮ್ಮನಿಗೆ ತಪ್ಪೊಪ್ಪಿಕೊಂಡೆ, ಅಳಿಸಿದವರಲ್ಲಿ ಆಕೆಯ ಗಂಡನೂ ಇದ್ದನೆಂದೆ. "ನಮ್ ಯಜಮಾನ್ರು ಮಂಚದ ಮೇಲೆ ಕೂತು ಮುದ್ದೆ ಉಣ್ತಾವ್ರೆ, ಅವ್ರನ್ನ ಹೆಂಗ್ ಸಾ ಅಳ್ಸುದ್ರಿ?" ಎಂದು ನಕ್ಕಳು. ಆಕೆಯ ಮನಸ್ಸು ದೊಡ್ಡದು, ‘ಶ್ರೀನಿವಾಸಪುರದ ನಾರಾಯಣಸ್ವಾಮಿಯವರಿಗೆ ಕೊಡು’ ಎಂದು ಡ್ರೈವರ್ ಕೈಯಲ್ಲಿ ಒಂದು ಬುಟ್ಟಿ ಹಣ್ಣನ್ನೂ ಕಳಿಸಿದ್ದಳಂತೆ.

ಸಂಜೆಯವರೆಗೂ ಗೇಟಿನ ಹತ್ತಿರವೇ ನಿಂತು ಕಾದೆ. ಗಾಡಿ ಬರಲಿಲ್ಲ. ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಬಂದರು. "ರಾಯಲ್ಪಾಡಿಂದ ಯಾರೋ ಒಂದು ಬುಟ್ಟಿ ರಸಪುರಿ ಕಳಿಸಿದ್ರು ಕಣ್ರೀ, ಹಳೇ ಶಿಷ್ಯರಿರಬೇಕು. ಏನ್ ರುಚಿ ಅಂತೀರಿ! ಎಲ್ಲಾ ಮುಗೀತು" ಎಂದು ಕೈ ಮೂಸಿಕೊಂಡರು. ಅವರ ಹೆಸರು ಹೇಳಬೇಕಾಗಿಲ್ಲ. ಆ ಡ್ರೈವರನ್ನು ಚೆನ್ನಾಗಿ ಬೈಯಬೇಕೆಂದು ಫೋನ್ ಕೈಗೆತ್ತಿಕೊಂಡೆ, ಯಾವ ಬಾಯಲ್ಲಿ ಬೈಯಲಿ ಎಂದು ಕೆಳಗಿಟ್ಟೆ.