ಗುಂಡಿ ಒತ್ತಿದರೆ ಗುಂಡಿ ಮುಚ್ಚೀತೇ?

— ಗುಂಡಿ ಒತ್ತಿದ ತಕ್ಷಣ ಗುಂಡಿ ಮುಚ್ಚಿಹೋಗುತ್ತಾ? ಸಾಧ್ಯವೇ ಇಲ್ಲ, ತಾಯಿ!

— ಯಾಕ್ ಸಾಧ್ಯವಿಲ್ಲ, ಮಾವ? ಗುಂಡಿ ಸರಿಯಾಗೇ ಇದೆಯಲ್ಲ!

— ಯಾವ ಗುಂಡಿ ಅಂತ ಮೊದಲು ಹೇಳು. ಒತ್ತೋದೋ, ಬೀಳೋದೋ?

ಸೊಸೆ ಹಲ್ಲು ಕಚ್ಚಿಕೊಂಡಳು. ಮಕ್ಕಳಿಗೆ ಪೌರನೀತಿ ಕಲಿಸುವ ಕಂಪ್ಯೂಟರ್ ಆಟವೊಂದನ್ನು ಅವಳು ಎಂಟು ತಿಂಗಳಿಂದ ಕಟ್ಟುತ್ತಿದ್ದಳು. ನಾಳೆ ಹತ್ತು ಗಂಟೆಗೆ ಅದನ್ನು ಶಿಕ್ಷಣ ಇಲಾಖೆಯವರ ಮುಂದೆ ಆಡಿ ತೋರಿಸಬೇಕು. ಅವರು ಒಪ್ಪಿದರೆ ಶಾಲೆಶಾಲೆಗೂ ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಏನಾದರೂ ತಪ್ಪಿದ್ದರೆ ಹೇಳಲಿ ಎಂದು, ನಗರಸಭೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದ ಮಾವನನ್ನು ಅವಳೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಗಿತ್ತು.

— ಬೀದಿಯಲ್ಲೊಂದು ಗುಂಡಿ ಬಿದ್ದಿದೆ ಮಾವ. ಮಗು ಈ ಕೆಂಪು ಬಟನ್ ಒತ್ತುತ್ತೆ. ಅರ್ಜಿ ನಗರಸಭೆಗೆ ಹೋಗುತ್ತೆ. ಗುಂಡಿ ಮುಚ್ಚುತ್ತೆ. ನಕ್ಷತ್ರ ಸಿಗುತ್ತೆ.

— ನಗರಸಭೆ ಅಂದ್ರೆ ಗೋಡೆನಾ? ಗೋಡೆ ಅರ್ಜಿ ಓದುತ್ತಾ? ಯಾರ ಮೇಜಿಗೆ ಹೋಯ್ತು? ಯಾರು ರುಜು ಹಾಕಿದ್ರು?

— ಇದು ಹತ್ತು ವರ್ಷದ ಮಕ್ಕಳಿಗೆ, ಮಾವ!

— ಹತ್ತು ವರ್ಷದವರಿಗೆ ಸುಳ್ಳು ಹೇಳಬಹುದು ಅಂತ ಯಾವ ಕಾನೂನಲ್ಲಿದೆ? ಇರಲಿ, ಮೂಲೇಲಿರೋ ಈ ಮೂರು ಹೃದಯ ಏನು?

— ಮೂರು ಜೀವ. ತಪ್ಪು ಮಾಡಿದಾಗೆಲ್ಲ ಒಂದೊಂದು ಹೋಗುತ್ತೆ.

— ಸಾಲಲ್ಲ. ನಮ್ಮಲ್ಲಿ ಮೊಹರು ಹಾಕಿಸೋಕೇ ಎರಡು ಜೀವ ಬೇಕು. ಏಳು ಮಾಡು.

ಇಲಾಖೆಯವರೂ ಇದನ್ನೇ ಕೇಳಿಬಿಟ್ಟರೆ ಎಂಬ ಅಳುಕು ಸೊಸೆಗೆ. ಮಧ್ಯಾಹ್ನವೆಲ್ಲ ಕೂತು ಆಟದೊಳಗೊಂದು ಕಚೇರಿ, ಕಚೇರಿಗೊಂದು ಕಿಟಕಿ, ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತನೊಬ್ಬನನ್ನು ಇಟ್ಟಳು. ಮಾವನ ಮುಖ ಊರಗಲವಾಯಿತು.

— ಈಗ ಬರ್ಕೋ. ಮೊದಲ ದಿನ, ಸಾಹೇಬ್ರಿಲ್ಲ. ಎರಡನೇ ದಿನ, ಸಾಹೇಬ್ರಿದಾರೆ, ಫೈಲಿಲ್ಲ. ಮೂರನೇ ದಿನ ಎರಡೂ ಇದೆ, ಆದ್ರೆ ಆ ಗುಂಡಿ ನಮ್ಮ ವಾರ್ಡಿಗೆ ಬರಲ್ಲ. ನಾಗರಿಕರಿಗೆ ತಾಳ್ಮೆ ಬೇಕಮ್ಮ. ಪೌರನೀತಿ ಅಂದ್ರೆ ಅದೇ.

— ಅದು ಪೌರನೀತಿ ಅಲ್ಲ ಮಾವ, ನಿಮ್ಮ ಆತ್ಮಕಥೆ, ಎನ್ನುತ್ತಲೇ ಸೊಸೆ ಅದನ್ನೂ ಆಟಕ್ಕೆ ಸೇರಿಸಿದಳು.

ಅಷ್ಟರಲ್ಲಿ ಶಾಲೆಯಿಂದ ಮಗಳು ಬಂದಳು. ಐದನೇ ಕ್ಲಾಸು, ಚೀಲ ಇಳಿಸುವ ಮೊದಲೇ ಕುರ್ಚಿ ಹಿಡಿದಳು. ಪರದೆಯ ಗುಮಾಸ್ತ ಮೂರು ಸಲವೂ 'ನಾಳೆ ಬನ್ನಿ' ಎಂದ. ತಾತ ಹೆಮ್ಮೆಯಿಂದ ತೊಡೆ ತಟ್ಟಿಕೊಂಡರು. ಹುಡುಗಿ ಆಟದ ಬೀದಿಗೆ ವಾಪಸಾದಳು. ಬೀದಿ ಖಾಲಿ ಕಾಣಬಾರದೆಂದು ಅಮ್ಮ ಅಲ್ಲಲ್ಲಿ ಜನರನ್ನು ಸುಮ್ಮನೆ ನಿಲ್ಲಿಸಿದ್ದಳು: ತರಕಾರಿಯವಳು, ಸೈಕಲ್ಲಿನವನು, ಹಗ್ಗದಾಟದ ಹುಡುಗಿಯರು. ಹುಡುಗಿ ಒಬ್ಬೊಬ್ಬರನ್ನೇ ಬೆರಳಲ್ಲಿ ಎಳೆದೆಳೆದು ಕಿಟಕಿಯ ಮುಂದೆ ತಂದು ನಿಲ್ಲಿಸಿದಳು. ಹನ್ನೆರಡನೆಯವನು ಬಂದು ನಿಂತದ್ದೇ ತಡ, ಗುಮಾಸ್ತ 'ನಾಳೆ ಬ...' ಎಂದವನು ಬಾಯಿ ತೆರೆದುಕೊಂಡೇ ಉಳಿದ. ಪರದೆ ಮಿಸುಕಲಿಲ್ಲ.

— ಕೆಟ್ಟೋಯ್ತು! ಸೊಸೆ ತಲೆಯ ಮೇಲೆ ಕೈಹೊತ್ತುಕೊಂಡಳು. ಇಷ್ಟು ಜನ ಒಟ್ಟಿಗೆ ಬರ್ತಾರೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ.

— ನಾವೂ ಅಂದ್ಕೊಂಡಿರಲಿಲ್ಲ, ಎಂದರು ಮಾವ. ಅವರ ದನಿ ಯಾಕೋ ಇಳಿದಿತ್ತು.

— ಅಂದ್ರೆ?

— ಒಂದ್ಸಲ ಬಂದಿದ್ರು, ಇಂಥದೇ ಗುಂಡಿ ವಿಷಯಕ್ಕೆ. ಇಡೀ ಬೀದಿಗೆ ಬೀದಿಯೇ. ನಮ್ಮ ಆಫೀಸೂ ಹೀಗೇ ನಿಂತೋಯ್ತು.

— ಗುಂಡಿ ಮುಚ್ಚಿದ್ರಾ ತಾತ? ಎಂದಳು ಮೊಮ್ಮಗಳು.

— ಮಾರನೇ ದಿನ ಮಧ್ಯಾಹ್ನದೊಳಗೆ.

ಸೊಸೆ ಕುರ್ಚಿಯನ್ನೇ ಅವರತ್ತ ತಿರುಗಿಸಿದಳು.

— ಅಷ್ಟು ಬೇಗ ಆಗುತ್ತೆ ಅಂತ ಗೊತ್ತಿದ್ದೂ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದ್ರಾ?

— ಮಾಡೋಕೆ ಯಾವಾಗ್ಲೂ ಆಗ್ತಿತ್ತಮ್ಮ. ಆದ್ರೆ ಜನ ಒಬ್ಬೊಬ್ರೇ ಬರ್ತಿದ್ರಲ್ಲ!

— ಸರಿ. ಆಟ ಇಲ್ಲಿ ನಿಲ್ಲದ ಹಾಗೆ ಸರಿಮಾಡ್ತೀನಿ. ನಾಳೆ ತೋರಿಸೋದು ಇದನ್ನೇ.

— ಅಯ್ಯೋ ಬೇಡ! ಇಲಾಖೆಯವರು ಒಪ್ಪಲ್ಲ.

— ಯಾಕೆ?

— ಅವರ ಆಫೀಸಿಗೂ ಕಿಟಕಿ ಇರುತ್ತೆ ಕಣಮ್ಮ!

ಸೊಸೆ ಕೀಲಿಮಣೆ ಎಳೆದುಕೊಂಡಳು. ಮೊಮ್ಮಗಳು ಮಾತ್ರ ತಾತನನ್ನು ಬಿಡಲಿಲ್ಲ.

— ಅವತ್ತು ಅಷ್ಟು ಜನ ಬಂದಾಗ ನೀನೇನ್ ಮಾಡ್ದೆ ತಾತ?

— ನಾನಾ? ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. 'ಊಟದ ಸಮಯ' ಅಂತ ಬೋರ್ಡ್ ನೇತುಹಾಕಿ, ಹಿಂದಿನ ಬಾಗಿಲಿಂದ ಮನೆಗೆ ಬಂದ್ಬಿಟ್ಟೆ.

ಹುಡುಗಿ ಪರದೆಯ ಕಚೇರಿಯತ್ತ ಬೆರಳು ತೋರಿಸಿದಳು.

— ಅಮ್ಮಾ, ಈ ಆಫೀಸಿಗೆ ಹಿಂದಿನ ಬಾಗಿಲು ಇಟ್ಟಿದೀಯಾ?

— ಇಲ್ವಲ್ಲ ಮರಿ. ಯಾಕೆ?

— ಇಡು. ಅಲ್ಲೂ ಇಬ್ಬರನ್ನ ನಿಲ್ಲಿಸ್ತೀನಿ.