ಅತ್ತೆಯ ದನಿ ಮತ್ತು ಐವತ್ತು ಹರ್ಟ್ಸ್

ಅತ್ತೆಯ ಹಾಡಿನ ಟೇಪು ಮೊದಲು ಸಿಕ್ಕಿತೋ, ಯಂತ್ರ ಮೊದಲು ಬಂತೋ, ಈಗ ನೆನಪಿಲ್ಲ. ಈ ಪ್ರಸಂಗವನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ನಡೆದದ್ದು ಎಷ್ಟು, ನಗಿಸಲು ನಾನು ಸೇರಿಸಿದ್ದು ಎಷ್ಟು ಎಂದು ನನಗೇ ಗೊತ್ತಾಗುವುದಿಲ್ಲ. ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಬಿಬವೇವಾಡಿಯ ನಮ್ಮ ವಸತಿ ಸೊಸಾಯಿಟಿಯ ಭಜನೆ ಮಂಡಳಿಯಲ್ಲಿ, ಹರೆಯದಲ್ಲಿ ತಮ್ಮ ಕಂಠ ಬಲು ಇಂಪಾಗಿತ್ತೆಂದು ಹೇಳಿಕೊಂಡಿದ್ದಂತೂ ನಿಜ. ಯಾರೂ ನಂಬಲಿಲ್ಲ, ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಇದ್ದ ಒಂದೇ ಸಾಕ್ಷಿ, ಮದುವೆಗೆ ಮುಂಚೆ ಧಾರವಾಡದಲ್ಲಿ ಯಾರೋ ಅವರ ಹಾಡು ತುಂಬಿಕೊಟ್ಟಿದ್ದ ದೊಡ್ಡ ಸುರುಳಿಯ ಟೇಪು. ಅದನ್ನು ನುಡಿಸುವ ಯಂತ್ರ ಲೋಣಾವಳಾದ ಹಳೇ ಸಾಮಾನಿನ ಅಂಗಡಿಯಲ್ಲಿ ನನಗೆ ಸಿಕ್ಕಿತು. ಅಮೆರಿಕದ್ದು, ನೂರಹತ್ತು ವೋಲ್ಟಿನದು. ಚಾಕಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮೋಟಾರುಗಳನ್ನು ನೋಡಿಕೊಂಡವನು ನಾನು. ವೋಲ್ಟೇಜು ಇಳಿಸಲು ಟ್ರಾನ್ಸ್‌ಫಾರ್ಮರ್ ಕಟ್ಟಿ, ಕೈ ಒರೆಸಿಕೊಂಡೆ.

ಭಾನುವಾರ ಮಧ್ಯಾಹ್ನ ಮಂಡಳಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಗುಂಡಿ ಒತ್ತಿದೆ. ಟೇಪಿನೊಳಗಿಂದ, ಊಟ ಮಾಡಿ ತೂಕಡಿಸುತ್ತಿರುವ ಗಂಡಸೊಬ್ಬ ಹಾಡತೊಡಗಿದ. "ಹೇ ಗೃಹಸ್ಥ ಕೋಣ?" ಎಂದು ಮರಾಠಿಯಲ್ಲಿ ಕೇಳಿದರು ಮಂಡಳಿ ನಡೆಸುವ ಸುಮನ್ ಕಾಕು. ಈ ಗೃಹಸ್ಥರು ಯಾರು ಎಂಬ ಆ ಪ್ರಶ್ನೆಯಲ್ಲಿದ್ದ ವಿನಯವೇ ಹೆಚ್ಚು ಚುಚ್ಚುವಂತಿತ್ತು.

ಅವರೆಲ್ಲ ಹೋದ ಮೇಲೆ ಅತ್ತೆ ಕೇಳಿದರು: "ಅಳಿಯಂದ್ರ, ದಿನಾ ಕಾರ್ಖಾನಿಗೆ ಹೋಗಿ ಏನ್ ಮಾಡ್ತೀರಿ?"

ಹೆಂಡತಿಗೆ ವಿವರಿಸಿದೆ. ಇಸ್ತ್ರಿಪೆಟ್ಟಿಗೆಗೆ ಹರ್ಟ್ಸಿನ ಗೊಡವೆಯಿಲ್ಲ. ಐವತ್ತಾದರೂ ಅರವತ್ತಾದರೂ ಅಷ್ಟೇ ಕಾಯುತ್ತದೆ. ಈ ಬಗೆಯ ಮೋಟಾರು ಮಾತ್ರ, ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಡುತ್ತದೋ ಅದರ ತಾಳಕ್ಕೇ ತಿರುಗುತ್ತದೆ. ಅರವತ್ತು ಬೇಡುವ ಅಮೆರಿಕದ ಮೋಟಾರಿಗೆ ನಮ್ಮ ಐವತ್ತು ಕೊಟ್ಟರೆ ನಿಧಾನವಾಗುತ್ತದೆ, ದನಿ ದಪ್ಪಗಾಗುತ್ತದೆ, ಸಾಲದ್ದಕ್ಕೆ ಹೆಚ್ಚು ಕರೆಂಟು ಎಳೆದು ಬಿಸಿಯೂ ಆಗುತ್ತದೆ.

"ಥೇಟ್ ನಿಮ್ಮಂಗ ಅದ ಬಿಡ್ರಿ," ಎಂದಳು. "ಕೆಲಸ ಕಡಿಮಿ, ಕಾವು ಜಾಸ್ತಿ."

ಮುಂದಿನ ಭಾನುವಾರ, ಸಾಹೇಬರನ್ನು ಕೇಳಿ, ಹರ್ಟ್ಸು ಬದಲಿಸುವ ಪೆಟ್ಟಿಗೆಯೊಂದನ್ನು ಕಾರ್ಖಾನೆಯಿಂದ ತಂದೆ. ಮಂಡಳಿಯವರು ಮತ್ತೆ ಸೇರಿದಾಗ ಅರವತ್ತಕ್ಕೆ ತಿರುಗಿಸಿದೆ. ಗೃಹಸ್ಥರು ಎದ್ದು ಹೋಗಿ, ಹದಿನೆಂಟರ ಹುಡುಗಿಯೊಬ್ಬಳು ಬಂದು ಕೂತಳು. ಮಂಡಳಿಯವರು ಚಪ್ಪಾಳೆ ತಟ್ಟಿದರು. ಸುಮನ್ ಕಾಕು ಅತ್ತೆಯ ಕೈ ಹಿಡಿದು, ಇನ್ನು ಮೇಲೆ ಮೊದಲ ಅಭಂಗ ನಿಮ್ಮದೇ ಎಂದರು.

ಎಲ್ಲರೂ ಹೋದ ಮೇಲೆ ಅತ್ತೆ ಮೆಲ್ಲಗೆ, "ಭಾಳ ಛಲೋ ಆತ್ರಿ. ಆದ್ರ ಇದು ನನ್ನ ದನಿ ಅಲ್ಲ. ನಮ್ಮಕ್ಕ ಹಿಂಗ ಹಾಡ್ತಿದ್ಲು" ಎಂದರು.

"ಮತ್ತ ನಿಮ್ಮದು?"

"ಹೋದ ವಾರದ್ದಽ ಇರಬೇಕು ನೋಡ್ರಿ. ಮಂಡಳ್ಯಾಗ ಹೇಳಬ್ಯಾಡ್ರಿ ಮತ್ತ." ಪೆಟ್ಟಿಗೆಯ ಕಡೆ ಕೈ ತೋರಿಸಿ, "ಹಂಗಾರ ನಡುವ ಐವತ್ತೈದಕ್ಕ ಇಡ್ರಿ. ಅಕ್ಕ-ತಂಗಿ ಇಬ್ಬರದೂ ಆಗಲಿ" ಎಂದು ತಾವೇ ಬಿದ್ದು ಬಿದ್ದು ನಕ್ಕರು.

ಇಟ್ಟೆ. ಅದೂ ಚೆನ್ನಾಗಿಯೇ ಇತ್ತು. ಧಾರವಾಡದಲ್ಲಿ ಟೇಪು ತುಂಬಿದ್ದೂ ಇಂಥದೇ ಅಮೆರಿಕದ ಯಂತ್ರವಾಗಿದ್ದರೆ ಅಲ್ಲಿಯೂ ಅದು ನಿಧಾನವಾಗಿಯೇ ಓಡಿರುತ್ತದೆ. ನಿಧಾನವಾಗಿ ತುಂಬಿದ್ದನ್ನು ನಿಧಾನವಾಗಿಯೇ ನುಡಿಸಬೇಕು; ಆಗ ಐವತ್ತೇ ಸರಿ, ನನ್ನ ರಿಪೇರಿಯೇ ತಪ್ಪು. ಯಾವ ಯಂತ್ರವೆಂದು ಅತ್ತೆಗೆ ನೆನಪಿಲ್ಲ. ಹಾಡಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.